ಹೊಟ್ಟೆಯೊಳಗಿನ ಕಪ್ಪು ಗೆರೆ: ಐದು ನಿಮಿಷದ ಸ್ಕ್ಯಾನ್ ಏನು ಹೇಳುತ್ತೆ, ಏನು ಹೇಳಲ್ಲ?

ಹೊಟ್ಟೆಯೊಳಗೆ ಒಂದು ಲೀಟರ್ ರಕ್ತ ಸೋರಿದ್ದರೂ ಹೊರಗೆ ಒಂದು ಹನಿಯೂ ಕಾಣದೇ ಇರಬಹುದು. ತಲೆ ಒಡೆದರೆ ರಕ್ತ ಕಾಣುತ್ತೆ. ಕಾಲು ಮುರಿದರೆ ಸೊಟ್ಟಗಾಗಿದ್ದು ಕಣ್ಣಿಗೇ ಗೊತ್ತಾಗುತ್ತೆ. ಹೊಟ್ಟೆಗೆ ಪೆಟ್ಟು ಬಿದ್ದವರು ಮಾತ್ರ ಎದ್ದು ನಿಂತು, ಅಂಗಿಯ ಧೂಳು ಕೊಡವಿ, 'ಏನೂ ಆಗಿಲ್ರಿ' ಅಂತ ಬೈಕ್ ಎತ್ತಿಕೊಂಡು ಮನೆಗೂ ಹೋಗಿಬಿಡಬಹುದು. ಅಪಾಯ ಇರೋದೇ ಅಲ್ಲಿ.

ನಮ್ಮ ಮಾಣಿಕನಗರದ ಕಡೆ ಬಂದವರಿಗೆ ಅಲ್ಲಿನ ರಸ್ತೆ ಗೊತ್ತಿರುತ್ತೆ. ಪಕ್ಕದಲ್ಲೇ ಇರೋ ಹುಮನಾಬಾದಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಒಂದನ್ನೊಂದು ದಾಟುತ್ತವೆ. ಸೊಲ್ಲಾಪುರದಿಂದ ಬಸವಕಲ್ಯಾಣದ ಸೀಮೆ ಹಾದು ಹೈದರಾಬಾದಿಗೆ ಹೋಗೋ 65 ಒಂದು, ಬೀದರ್‌ನಿಂದ ಕಲಬುರಗಿ ಕಡೆ ಇಳಿಯೋ 50 ಇನ್ನೊಂದು. ಹಗಲು ರಾತ್ರಿ ಲಾರಿ ನಿಲ್ಲಲ್ಲ. ಕಬ್ಬಿನ ಸೀಜನ್ ಬಂತೆಂದರೆ ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್‌ಗಳು ಅದೇ ರಸ್ತೆಗೆ ಇಳಿಯುತ್ತವೆ. ದತ್ತ ಜಯಂತಿಗೆ ಮಾಣಿಕಪ್ರಭುಗಳ ಸಂಸ್ಥಾನಕ್ಕೆ ಮಹಾರಾಷ್ಟ್ರ, ತೆಲಂಗಾಣದಿಂದೆಲ್ಲ ಭಕ್ತರು ಬರ್ತಾರೆ. ಇವೆಲ್ಲದರ ನಡುವೆ ನಮ್ಮವರು ಬೈಕಿನಲ್ಲಿ ಹೊಲಕ್ಕೆ, ಸಂತೆಗೆ, ಮದುವೆಗೆ ಓಡಾಡ್ತಾರೆ. ಬೈಕಿನಿಂದ ಬಿದ್ದಾಗ ಹ್ಯಾಂಡಲ್ ತುದಿ ಹೊಟ್ಟೆಗೆ ಬಡಿಯೋದು, ಎತ್ತು ಗುದ್ದೋದು, ಮರದಿಂದ ಬೀಳೋದು ನಮಗೆ ಹೊಸ ಸುದ್ದಿಯೇನಲ್ಲ.

ಇಂಥ ಪೆಟ್ಟಿನ ನಂತರ ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲೇ ಮಾಡುವ ಒಂದು ಚಿಕ್ಕ ಸ್ಕ್ಯಾನ್ ಬಗ್ಗೆ ಈ ಲೇಖನ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ಆದರೆ ಮನೆಯಲ್ಲಿ ಒಂದು ಪ್ರಸಂಗ ನಡೆದ ಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಊರಲ್ಲಿ ಅಪ್ಪ-ಅವ್ವನನ್ನು ಬಿಟ್ಟು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೆಲಸ ಮಾಡೋ ನಮ್ಮಂಥವರು ಇದನ್ನು ತಿಳಿದಿರಬೇಕು ಅನ್ನಿಸಿತು.

ಒಂದೇ ಪ್ರಶ್ನೆ ಕೇಳುವ ಸ್ಕ್ಯಾನ್

ಇದರ ಹೆಸರು ಫಾಸ್ಟ್. ಬಿಡಿಸಿ ಹೇಳಿದರೆ 'ಫೋಕಸ್ಡ್ ಅಸೆಸ್‌ಮೆಂಟ್ ವಿತ್ ಸೋನೋಗ್ರಫಿ ಫಾರ್ ಟ್ರಾಮಾ'. ಯಂತ್ರ ನಮಗೆಲ್ಲ ಗೊತ್ತಿರೋದೇ, ಗರ್ಭಿಣಿಯರಿಗೆ, ಕಿಡ್ನಿ ಕಲ್ಲಿಗೆ ಬಳಸೋ ಅಲ್ಟ್ರಾಸೌಂಡ್. ಆದರೆ ಮಾಮೂಲಿ ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಲಿವರ್ ಹೇಗಿದೆ, ಪಿತ್ತಕೋಶದಲ್ಲಿ ಕಲ್ಲಿದೆಯಾ ಅಂತ ಹತ್ತಾರು ವಿಷಯ ನೋಡ್ತಾರೆ. ಫಾಸ್ಟ್‌ನಲ್ಲಿ ಕೇಳೋದು ಒಂದೇ ಪ್ರಶ್ನೆ: ದ್ರವ ಇರಬಾರದ ಜಾಗದಲ್ಲಿ ದ್ರವ ಇದೆಯಾ?

ಉತ್ತರ ಹೌದು ಅಥವಾ ಇಲ್ಲ. ಯಾವ ಅಂಗ ಹರಿದಿದೆ, ಎಷ್ಟು ಆಳ ಹರಿದಿದೆ ಅನ್ನೋದು ಈ ಸ್ಕ್ಯಾನಿನ ಕೆಲಸವಲ್ಲ. ಅದಕ್ಕೇ ಕೈ ಪಳಗಿದ ಡಾಕ್ಟರ್ ಇದನ್ನು ಐದು ನಿಮಿಷದೊಳಗೆ ಮುಗಿಸ್ತಾರೆ. ರೋಗಿಯನ್ನು ಎಲ್ಲಿಗೂ ಸಾಗಿಸೋದು ಬೇಡ. ಒಂದು ಕಡೆ ಸಲೈನ್ ಹಚ್ಚುತ್ತಿರುವಾಗಲೇ ಇನ್ನೊಂದು ಕಡೆ ಸ್ಕ್ಯಾನ್ ನಡೆಯುತ್ತೆ. ಎಕ್ಸ್‌ರೇ, ಸಿಟಿಯಲ್ಲಿರುವಂತೆ ವಿಕಿರಣ ಇಲ್ಲದಿರೋದರಿಂದ ಗರ್ಭಿಣಿಗೂ ಮಾಡಬಹುದು, ಬೇಕಾದಷ್ಟು ಸಲ ಮತ್ತೆ ಮಾಡಬಹುದು. ಈ ಕೊನೆಯ ಮಾತು ನೆನಪಿಡಿ, ಮುಂದೆ ಬೇಕಾಗುತ್ತೆ.

ರಕ್ತ ಕಪ್ಪಗೆ ಕಾಣೋದು ಯಾಕೆ?

ಅಲ್ಟ್ರಾಸೌಂಡ್ ಕೆಲಸ ಮಾಡೋದು ಪ್ರತಿಧ್ವನಿಯ ಲೆಕ್ಕದಲ್ಲಿ. ಪ್ರೋಬ್‌ನಿಂದ ನಮ್ಮ ಕಿವಿಗೆ ಕೇಳದ ಶಬ್ದದ ಅಲೆ ಹೊರಡುತ್ತೆ. ಮೈಯೊಳಗಿನ ಮೃದು ಅಂಗಾಂಶದಲ್ಲಿ ಅದರ ವೇಗ ಸೆಕೆಂಡಿಗೆ ಸರಾಸರಿ 1,540 ಮೀಟರ್ ಅಂತ ಯಂತ್ರ ಹಿಡಿಯುತ್ತೆ. ಅಲೆ ಎಲ್ಲೋ ಬಡಿದು ವಾಪಸ್ ಬರುತ್ತೆ. ಬರೋಕೆ ತಗೊಂಡ ಸಮಯದಿಂದ ಆಳ ಸಿಗುತ್ತೆ. ಹತ್ತು ಸೆಂಟಿಮೀಟರ್ ಆಳ ಹೋಗಿ ಬರೋಕೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಂಥ ಸಾವಿರಾರು ಲೆಕ್ಕ ಸೇರಿ ಪರದೆ ಮೇಲೆ ಚಿತ್ರ ಮೂಡುತ್ತೆ.

ಲಿವರ್, ಕಿಡ್ನಿಯಂಥ ಅಂಗಗಳ ಒಳಗೆ ಸಣ್ಣ ಸಣ್ಣ ರಚನೆಗಳು ತುಂಬಿವೆ. ಪ್ರತಿಯೊಂದೂ ಒಂದಿಷ್ಟು ಶಬ್ದ ವಾಪಸ್ ಕಳಿಸುತ್ತೆ, ಹಾಗಾಗಿ ಅವು ಬೂದು ಬಣ್ಣದಲ್ಲಿ ಕಾಣುತ್ತವೆ. ಆಗಷ್ಟೇ ಸೋರಿದ ರಕ್ತ, ಮೂತ್ರ, ನೀರು ಇವುಗಳಿಂದ ಪ್ರತಿಧ್ವನಿ ಬರೋದೇ ಇಲ್ಲವೆನ್ನುವಷ್ಟು ಕಡಿಮೆ. ಉತ್ತರ ಬರದ ಜಾಗ ಕಪ್ಪು. ಲಿವರ್ ಮತ್ತು ಕಿಡ್ನಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣಬೇಕಾದ ಕಡೆ ಅವೆರಡರ ನಡುವೆ ಕಪ್ಪು ಗೆರೆ ಕಂಡರೆ ಡಾಕ್ಟರ್ ಮುಖದ ಬಣ್ಣ ಬದಲಾಗುತ್ತೆ.

ನಾಲ್ಕು ಕಿಟಕಿ

ಮನುಷ್ಯ ಅಂಗಾತ ಮಲಗಿದಾಗ ಹೊಟ್ಟೆಯೊಳಗೆ ಸೋರಿದ ರಕ್ತ ತಗ್ಗು ಹುಡುಕಿಕೊಂಡು ಹೋಗುತ್ತೆ. ಹೊಲದಲ್ಲಿ ಮಳೆ ನೀರು ನಿಲ್ಲೋ ಹಾಗೆ. ಆ ತಗ್ಗುಗಳು ಎಲ್ಲಿವೆ ಅಂತ ಗೊತ್ತಿರೋದರಿಂದ ಇಡೀ ಹೊಟ್ಟೆ ಹುಡುಕಬೇಕಿಲ್ಲ, ನಾಲ್ಕು ಕಡೆ ಇಣುಕಿದರೆ ಸಾಕು.

ಒಂದು, ಬಲ ಪಕ್ಕೆಲುಬಿನ ಕೆಳಗೆ ಲಿವರ್ ಮತ್ತು ಬಲ ಕಿಡ್ನಿಯ ನಡುವೆ. ಬ್ರಿಟಿಷ್ ಸರ್ಜನ್ ಒಬ್ಬರ ಹೆಸರಿನಿಂದ ಇದಕ್ಕೆ 'ಮಾರಿಸನ್ಸ್ ಪೌಚ್' ಅಂತಾರೆ. ಎರಡು, ಎಡಗಡೆ ಗುಲ್ಮದ ಸುತ್ತ. ಗುಲ್ಮ ಅಂದರೆ ಸ್ಪ್ಲೀನ್, ಎಡ ಪಕ್ಕೆಲುಬಿನ ಅಡಿ ಅಡಗಿರೋ ಮುಷ್ಟಿಯಷ್ಟು ದೊಡ್ಡ ಮೆತ್ತನೆ ಅಂಗ. ಹೊಟ್ಟೆಗೆ ಮೊಂಡು ಪೆಟ್ಟು ಬಿದ್ದಾಗ ಅತಿ ಹೆಚ್ಚು ಗಾಯಗೊಳ್ಳೋದು ಇದು ಮತ್ತು ಲಿವರ್. ಮೂರು, ಕಿಬ್ಬೊಟ್ಟೆಯಲ್ಲಿ ಮೂತ್ರಕೋಶದ ಹಿಂದೆ. ನಾಲ್ಕು, ಎದೆಗೂಡಿನ ಕೆಳಗಿಂದ ಮೇಲಕ್ಕೆ ನೋಡಿ ಹೃದಯದ ಸುತ್ತ ರಕ್ತ ಕಟ್ಟಿದೆಯಾ ಅಂತ ಪರೀಕ್ಷೆ. ಈಗ ಬಹಳ ಕಡೆ ಎರಡೂ ಶ್ವಾಸಕೋಶಗಳನ್ನೂ ನೋಡ್ತಾರೆ. ಆ ವಿಸ್ತೃತ ರೂಪಕ್ಕೆ 'ಇ-ಫಾಸ್ಟ್' ಅಂತ ಹೆಸರು.

ಮೊದಲು ಕೊಯ್ದೇ ನೋಡ್ತಿದ್ದರು

ಇದಕ್ಕೆ ಮುಂಚೆ ಏನು ಮಾಡ್ತಿದ್ದರು? 1965ರಿಂದ ಬಳಕೆಗೆ ಬಂದ ಒಂದು ವಿಧಾನ ಇತ್ತು. ಹೊಕ್ಕುಳ ಹತ್ತಿರ ಸಣ್ಣದಾಗಿ ಕೊಯ್ದು, ನಳಿಗೆ ಇಳಿಸಿ, ಸುಮಾರು ಒಂದು ಲೀಟರ್ ಸಲೈನ್ ಒಳಗೆ ಬಿಟ್ಟು, ಮತ್ತೆ ಹೊರಗೆ ತೆಗೆದು ಅದರಲ್ಲಿ ರಕ್ತ ಇದೆಯಾ ಅಂತ ನೋಡೋದು. ಕೆಲಸ ಮಾಡ್ತಿತ್ತು, ಆದರೆ ರಕ್ತ ಹುಡುಕೋಕೆ ಹೊಟ್ಟೆಗೇ ತೂತು ಮಾಡಬೇಕಿತ್ತು.

1970ರ ದಶಕದಲ್ಲಿ ಯುರೋಪಿನ ವೈದ್ಯರು ಅಪಘಾತದ ಗಾಯಾಳುಗಳಿಗೆ ಅಲ್ಟ್ರಾಸೌಂಡ್ ಬಳಸಲು ಶುರು ಮಾಡಿದರು. ಜರ್ಮನಿಯ ಸರ್ಜನ್‌ಗಳು ಇದನ್ನು ಬೇಗ ರೂಢಿ ಮಾಡಿಕೊಂಡರು. ಅಮೆರಿಕದಲ್ಲಿ 1990ರ ದಶಕದಲ್ಲಿ ಗ್ರೇಸ್ ರೊಜಿಕಿ ಎಂಬ ಸರ್ಜನ್ ಮತ್ತವರ ಸಹೋದ್ಯೋಗಿಗಳು, ರೇಡಿಯಾಲಜಿಸ್ಟ್ ಬರೋವರೆಗೆ ಕಾಯದೆ ಸರ್ಜನ್‌ಗಳೇ ಈ ಸ್ಕ್ಯಾನ್ ಮಾಡಬಹುದು ಅಂತ ತೋರಿಸಿಕೊಟ್ಟರು. 1997ರಲ್ಲಿ ತಜ್ಞರೆಲ್ಲ ಸೇರಿ ಫಾಸ್ಟ್‌ನ ವ್ಯಾಖ್ಯೆ ಮತ್ತು ಮಿತಿಗಳ ಬಗ್ಗೆ ಒಮ್ಮತಕ್ಕೆ ಬಂದರು. ಕೊನೆಗೆ ಇದು ಬಾಹ್ಯಾಕಾಶಕ್ಕೂ ಹೋಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ವೈದ್ಯರಲ್ಲದ ಗಗನಯಾತ್ರಿ, ಭೂಮಿಯಿಂದ ತಜ್ಞರು ಹೇಳಿಕೊಟ್ಟಂತೆ ಪ್ರೋಬ್ ಹಿಡಿದು ಈ ಸ್ಕ್ಯಾನ್ ಮಾಡಿದ ವರದಿ 2005ರಲ್ಲಿ ಪ್ರಕಟವಾಯಿತು.

ಒಂದೇ ಪ್ರಶ್ನೆಯ ಪರೀಕ್ಷೆಯಾದ್ದರಿಂದ ಇದನ್ನು ಕಲಿಯಬಹುದು, ಕಲಿಸಬಹುದು. ಭಾರತದಲ್ಲಿ ಎಮರ್ಜೆನ್ಸಿ ಮೆಡಿಸಿನ್ 2009ರಲ್ಲಿ ಪ್ರತ್ಯೇಕ ವಿಭಾಗವಾಗಿ ಮಾನ್ಯತೆ ಪಡೆದ ಮೇಲೆ ಹೊಸ ತಲೆಮಾರಿನ ಡಾಕ್ಟರುಗಳು ಇದನ್ನು ಕಲಿತೇ ಹೊರಗೆ ಬರ್ತಿದ್ದಾರೆ.

'ಇಲ್ಲ' ಅಂದರೆ 'ಈಗ ಇಲ್ಲ'

ಈಗ ಮನೆಯ ಪ್ರಸಂಗ. ನಮ್ಮ ಕಾಕಾ ಸಂಜೆ ಹೊಲದಿಂದ ಬರುವಾಗ ಬೈಕ್ ಜಾರಿ ಬಿದ್ದರು. ಹ್ಯಾಂಡಲ್ ತುದಿ ಎಡ ಪಕ್ಕೆಗೆ ಬಡಿದಿತ್ತು. ತರಚಿದ ಗಾಯ ಬಿಟ್ಟರೆ ಮೇಲೆ ಏನೂ ಇಲ್ಲ. ಹುಮನಾಬಾದಿನ ಒಂದು ಆಸ್ಪತ್ರೆಗೆ ತಮ್ಮ ಕರೆದುಕೊಂಡು ಹೋದ. ಚಿಕ್ಕ ವಯಸ್ಸಿನ ಡಾಕ್ಟರ್ ಸ್ಕ್ಯಾನ್ ಮಾಡಿದರು, ಏನೂ ಕಾಣಲಿಲ್ಲ. ನಾನು ಬೆಂಗಳೂರಿನಿಂದ ಫೋನಿನಲ್ಲಿದ್ದೆ. ಕಾಕಾನ ದನಿ ಕೇಳ್ತಿತ್ತು.

"ಏನೂ ಇಲ್ಲ ಅಂದ್ರಲ್ರಿ ಡಾಕ್ಟರ್ ಸಾಬ್ರ, ಮನಿಗಿ ಹೋಗ್ತೀನಿ ಬಿಡ್ರಿ. ದನಕ್ಕ ಮೇವು ಹಾಕೋದದ."

"ಈಗ ಇಲ್ಲ ಅಂದೀನ್ರಿ ಯಜಮಾನ್ರ. ಒಂದ್ ತಾಸು ಬಿಟ್ಟು ಮತ್ತ ನೋಡ್ತೀನಿ. ಅಲ್ಲೀತನಕ ನೀವು ಎಲ್ಲೂ ಹೋಗಂಗಿಲ್ಲ."

ಒಂದು ತಾಸಿಗೆ ಕಾಕಾನ ನಾಡಿ ಬಡಿತ ಏರಿತ್ತು. ಎಡ ಭುಜ ನೋಯ್ಲತ್ತದ ಅಂದರು. ಎರಡನೇ ಸ್ಕ್ಯಾನಿನಲ್ಲಿ ಗುಲ್ಮದ ಹತ್ತಿರ ಕಪ್ಪು ಗೆರೆ ಕಂಡಿತು. ಡಾಕ್ಟರ್ ಬೀದರ್‌ಗೆ ಮೊದಲೇ ಫೋನ್ ಮಾಡಿ, ಆಂಬುಲೆನ್ಸ್ ಹತ್ತಿಸಿದರು. ಅಲ್ಲಿ ಸಿಟಿ ಸ್ಕ್ಯಾನ್ ಆಯಿತು. ಗುಲ್ಮ ಹರಿದಿತ್ತು, ಆದರೆ ಬಿಪಿ ಕುಸಿದಿರಲಿಲ್ಲ. ಐಸಿಯುನಲ್ಲಿಟ್ಟು ಕಾದು ನೋಡಿದರು, ರಕ್ತ ತಾನಾಗೇ ನಿಂತಿತು, ಆಪರೇಷನ್ ಬೇಕಾಗಲಿಲ್ಲ. ಆ 'ಒಂದ್ ತಾಸು' ಅವರನ್ನು ಹಿಡಿದಿಡದೇ ಇದ್ದಿದ್ದರೆ ರಾತ್ರಿ ದನದ ಕೊಟ್ಟಿಗೆಯಲ್ಲಿ ಏನಾಗ್ತಿತ್ತೋ ಅಂತ ಯೋಚಿಸಿದರೆ ಈಗಲೂ ಮೈ ಜುಮ್ ಅನ್ನುತ್ತೆ.

ಆ ಡಾಕ್ಟರ್ ಎಚ್ಚರಿಕೆಯ ಹಿಂದೆ ಲೆಕ್ಕ ಇದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಎದೆ ಅಥವಾ ಹೊಟ್ಟೆಯಲ್ಲಿ ನಿಜವಾಗಿ ಗಾಯವಿದ್ದ 100 ಜನರಲ್ಲಿ ಸುಮಾರು 74 ಜನರನ್ನು ಇಂಥ ಸ್ಕ್ಯಾನ್ ಹಿಡಿದಿತ್ತು. 26 ಜನ ತಪ್ಪಿಸಿಕೊಂಡಿದ್ದರು. ಗಾಯವಿಲ್ಲದ 100ರಲ್ಲಿ ಸುಮಾರು 96 ಜನರಿಗೆ ಸರಿಯಾಗಿ 'ಇಲ್ಲ' ಅಂದಿತ್ತು. ಮಕ್ಕಳಲ್ಲಿ ಹಿಡಿಯೋ ಪ್ರಮಾಣ ಇನ್ನೂ ಕಡಿಮೆ. ಅಂದರೆ 'ಹೌದು' ಅಂದಾಗ ಬಹುಮಟ್ಟಿಗೆ ನಂಬಬಹುದು. 'ಇಲ್ಲ' ಅಂದಾಗ ಮತ್ತೆ ಕೇಳಬೇಕು.

ತಪ್ಪಿಸಿಕೊಳ್ಳೋದಕ್ಕೆ ಕಾರಣಗಳಿವೆ. ಸೋರಿಕೆ ಆಗಷ್ಟೇ ಶುರುವಾಗಿದ್ದರೆ, ಒಳಗೆ ಇನ್ನೂರು ಎಂಎಲ್‌ಗಿಂತ ಕಡಿಮೆ ರಕ್ತ ಇದ್ದರೆ ಗೆರೆ ಕಾಣದೇ ಹೋಗಬಹುದು. ಕರುಳು ತೂತಾಗಿದ್ದರೆ ರಕ್ತ ಹೆಚ್ಚು ಬಂದಿರಲ್ಲ. ಕಿಡ್ನಿ ಹಿಂದೆ, ಸೊಂಟದ ಮೂಳೆ ಮುರಿದ ಕಡೆ ಸೋರೋ ರಕ್ತ ಈ ನಾಲ್ಕು ಕಿಟಕಿಗೆ ಬರೋದೇ ಇಲ್ಲ. ಹೆಪ್ಪುಗಟ್ಟಿದ ರಕ್ತ ಬೂದಾಗಿ ಸುತ್ತಲಿನ ಅಂಗದ ಜೊತೆ ಬೆರೆತುಬಿಡುತ್ತೆ. ಉಲ್ಟಾ ತಪ್ಪೂ ಉಂಟು: ಲಿವರ್ ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಆ ನೀರೂ ಕಪ್ಪಾಗೇ ಕಾಣುತ್ತೆ.

ಬಿಪಿ ಚೆನ್ನಾಗಿದೆ ಅನ್ನೋ ಸಮಾಧಾನ ಸಾಲದು

70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತೆ. 750 ಎಂಎಲ್‌ವರೆಗೆ ಸೋರಿದರೂ ಹೊರಗೆ ಹೆಚ್ಚೇನೂ ಗೊತ್ತಾಗದೇ ಇರಬಹುದು. ಅದನ್ನು ದಾಟಿದಾಗ ನಾಡಿ ಓಡೋಕೆ ಶುರುವಾಗುತ್ತೆ, ಗಾಬರಿ, ಬಾಯಾರಿಕೆ ಕಾಣುತ್ತೆ. ಬಿಪಿ ಸ್ಪಷ್ಟವಾಗಿ ಇಳಿಯೋದು ಸಾಮಾನ್ಯವಾಗಿ ಒಂದೂವರೆ ಲೀಟರ್ ಹೋದ ಮೇಲೆ. ಗಟ್ಟಿಮುಟ್ಟಾದ ಹುಡುಗರಲ್ಲಿ ರಕ್ತನಾಳಗಳು ಬಿಗಿದುಕೊಂಡು ಬಿಪಿಯನ್ನು ಎತ್ತಿ ಹಿಡಿದಿರುತ್ತವೆ, ಆಮೇಲೆ ಒಮ್ಮೆಲೇ ಕುಸಿಯುತ್ತೆ.

ಬಿಪಿ ಮತ್ತು ಸ್ಕ್ಯಾನ್ ಎರಡನ್ನೂ ಜೋಡಿಸಿ ಡಾಕ್ಟರ್ ದಾರಿ ಹಿಡೀತಾರೆ. ಬಿಪಿ ಕುಸಿದಿದೆ, ಸ್ಕ್ಯಾನ್ 'ಹೌದು' ಅಂದಿದೆ ಅಂದರೆ ಸಾಮಾನ್ಯವಾಗಿ ನೇರ ಆಪರೇಷನ್ ಥಿಯೇಟರ್. ಬಿಪಿ ಸರಿ ಇದೆ, ಸ್ಕ್ಯಾನ್ 'ಹೌದು' ಅಂದರೆ ಸಿಟಿ ಮಾಡಿ ಯಾವ ಅಂಗ ಅಂತ ನೋಡೋದು, ಕಾಕಾಗೆ ಆದ ಹಾಗೆ. ಸ್ಕ್ಯಾನ್ 'ಇಲ್ಲ' ಅಂದು ಅನುಮಾನ ಉಳಿದಿದ್ದರೆ ಹಿಡಿದಿಟ್ಟುಕೊಂಡು ಮತ್ತೆ ಸ್ಕ್ಯಾನ್, ಬೇಕಾದರೆ ಸಿಟಿ.

ಐವತ್ತು ಕಿಲೋಮೀಟರಿನ ಲೆಕ್ಕ

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಫಾಸ್ಟ್ ಆಗೋ ಕೋಣೆಯಿಂದ ಆಪರೇಷನ್ ಥಿಯೇಟರಿಗೆ ಒಂದು ಲಿಫ್ಟ್ ದೂರ. ಹುಮನಾಬಾದಿನಿಂದ ಬೀದರ್‌ಗೆ ಸುಮಾರು 50 ಕಿಲೋಮೀಟರ್, ಕಲಬುರಗಿಗೆ ಸುಮಾರು 60. ಸರ್ಜನ್, ಅರಿವಳಿಕೆ ಡಾಕ್ಟರ್, ಹೊಂದುವ ರಕ್ತ, ಸಿಟಿ ಯಂತ್ರ ಎಲ್ಲವೂ ಒಂದೇ ಸೂರಿನಡಿ ಇರೋ ಕಡೆಗೆ ಗಾಯಾಳು ಮುಟ್ಟಬೇಕು. ಎಲ್ಲಿಗೆ, ಯಾವಾಗ ಅನ್ನೋ ತೀರ್ಮಾನ ತಪ್ಪಿದರೆ ಒಂದು ಊರಿಂದ ಇನ್ನೊಂದು ಊರಿಗೆ ಅಲೆಯೋದರಲ್ಲೇ ಮೊದಲ ತಾಸು ಕಳೆದುಹೋಗುತ್ತೆ.

ಹಾಗಾಗಿ ನನ್ನ ಪ್ರಕಾರ ಈ ಸ್ಕ್ಯಾನಿನ ನಿಜವಾದ ಬೆಲೆ ನಮ್ಮಂಥ ಊರುಗಳಲ್ಲೇ ಹೆಚ್ಚು. ಇಲ್ಲಿ ಅದು ಬರೀ ರೋಗ ಪತ್ತೆಯ ಕೆಲಸ ಮಾಡಲ್ಲ, ದಾರಿ ತೋರಿಸೋ ಕೆಲಸ ಮಾಡುತ್ತೆ. "ಹೊಟ್ಟೆಯೊಳಗೆ ರಕ್ತ ಇದೆ, ಒಂದು ತಾಸಲ್ಲಿ ಬರ್ತಿದ್ದಾರೆ" ಅಂತ ಒಂದು ಫೋನ್ ಮೊದಲೇ ಹೋದರೆ ಆ ಕಡೆ ರಕ್ತ ಹೊಂದಿಸೋದು, ಸರ್ಜನ್ ಕರೆಸೋದು ಶುರುವಾಗಿರುತ್ತೆ.

ಅದೇ ಯಂತ್ರ, ಇನ್ನೊಂದು ಮುಖ

ಇಷ್ಟು ಉಪಯೋಗ ಇದ್ದರೆ ಪ್ರತಿ ಆಂಬುಲೆನ್ಸ್‌ನಲ್ಲೂ ಒಂದು ಇಟ್ಟುಬಿಡಬಾರದಾ? ಫೋನಿಗೆ ಜೋಡಿಸೋ ಅಂಗೈಯಗಲದ ಪ್ರೋಬ್‌ಗಳೂ ಬಂದಿವೆಯಲ್ಲ? ನಮ್ಮಂಥ ಟೆಕ್ ಮಂದಿಗೆ ಮೊದಲು ಹೊಳೆಯೋ ಪ್ರಶ್ನೆ ಇದು. ಆದರೆ ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್‌ಗೆ ಇನ್ನೊಂದು ಇತಿಹಾಸ ಇದೆ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಕಾಯ್ದೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಯಂತ್ರ ಇರೋ ಜಾಗ ನೋಂದಣಿಯಾಗಿರಬೇಕು, ಬಳಸೋರಿಗೆ ನಿಗದಿತ ಅರ್ಹತೆ ಇರಬೇಕು. ಎತ್ತಿಕೊಂಡು ಹೋಗೋ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೇ ಬೇರೆ ಆರೋಗ್ಯ ಸೇವೆಗಳನ್ನೂ ಕೊಡೋ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬಹುದು.

ಈ ಬಿಗಿ ಸುಮ್ಮನೆ ಬಂದಿದ್ದಲ್ಲ. 2023ರಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲದಲ್ಲಿ ಮಂಡ್ಯದ ಆಲೆಮನೆಯೊಂದನ್ನೇ ಸ್ಕ್ಯಾನಿಂಗ್ ಸೆಂಟರ್ ಮಾಡಿಕೊಂಡಿದ್ದರು. ಬೆಲ್ಲ ಬೇಯಿಸೋ ಜಾಗದಲ್ಲಿ ಹೆಣ್ಣೋ ಗಂಡೋ ಅಂತ ನೋಡ್ತಿದ್ದರು. ಒಂದು ಕಡೆ ಜೀವ ಉಳಿಸೋ ಪ್ರೋಬ್, ಇನ್ನೊಂದು ಕಡೆ ಹುಟ್ಟೋ ಮೊದಲೇ ಜೀವ ತೆಗೆಯೋಕೆ ಸಾಧನ.

ಕಾಯ್ದೆ ಸಡಿಲಿಸಿ ಅಂತ ನಾನು ಹೇಳಲ್ಲ. ಕಾಯ್ದೆಯೊಳಗೇ ಮಾಡಬಹುದಾದ್ದು ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ನೋಂದಣಿಯಾದ ಯಂತ್ರ ಸ್ಕ್ಯಾನಿಂಗ್ ರೂಮಿನ ಬೀಗದ ಹಿಂದೆ ಇರೋ ಬದಲು, ತುರ್ತು ಚಿಕಿತ್ಸಾ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೂ ಕೈಗೆ ಸಿಗೋ ಹಾಗಿರಬೇಕು. ಆ ಹೊತ್ತಿನ ಡ್ಯೂಟಿ ಡಾಕ್ಟರ್‌ಗೆ ತರಬೇತಿ ಮತ್ತು ಅನುಮತಿ ಎರಡೂ ಇರಬೇಕು. ನಮ್ಮ ಶಾಸಕರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಲ್ಲಿ ಇದೂ ಒಂದಿರಲಿ.

ಮನೆಯವರು ತಿಳಿದಿರಬೇಕಾದ್ದು

• ಹೊಟ್ಟೆ, ಪಕ್ಕೆಗೆ ಜೋರು ಪೆಟ್ಟು ಬಿದ್ದವರಿಗೆ ಚಹಾ, ನೀರು, ಸೋಡಾ ಕುಡಿಸಬೇಡಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಎಣ್ಣೆ ಹಚ್ಚಿ ತಿಕ್ಕೋದು ಬೇಡವೇ ಬೇಡ.

• ಈ ಲಕ್ಷಣ ಕಂಡರೆ ತಡ ಮಾಡಬೇಡಿ: ಮುಖ ಬಿಳುಚೋದು, ತಣ್ಣನೆ ಬೆವರು, ವಿಪರೀತ ಬಾಯಾರಿಕೆ, ನಿಂತರೆ ತಲೆ ತಿರುಗೋದು, ಹೊಟ್ಟೆ ಗಟ್ಟಿಯಾಗೋದು, ಭುಜಕ್ಕೆ ಪೆಟ್ಟಾಗದಿದ್ದರೂ ಎಡ ಭುಜ ನೋಯೋದು. ಹೊಟ್ಟೆ ಮೇಲೆ ಹ್ಯಾಂಡಲ್ ಅಥವಾ ಸೀಟ್ ಬೆಲ್ಟ್ ಗುರುತು ಮೂಡಿದ್ದರೆ ಡಾಕ್ಟರ್‌ಗೆ ತೋರಿಸಿ.

• ರಕ್ತ ತೆಳುವಾಗಿಸೋ ಮಾತ್ರೆ ತಗೋತಿದ್ದರೆ ಮೊದಲೇ ಹೇಳಿ. ಅಪ್ಪನ ಮಾತ್ರೆ ಚೀಟಿಯ ಫೋಟೋ ನಿಮ್ಮ ಫೋನಿನಲ್ಲಿರಲಿ.

• ಕೇಳಬೇಕಾದ ಎರಡು ಪ್ರಶ್ನೆ: "ಫಾಸ್ಟ್ ಸ್ಕ್ಯಾನ್ ಆಯ್ತಾ ಡಾಕ್ಟರ್?" "ಮತ್ತೆ ಯಾವಾಗ ನೋಡ್ತೀರಿ?" ಎರಡನೆಯದನ್ನು ಮರೀಬೇಡಿ.

• ಮನೆಗೆ ಕಳಿಸಿದ ಮೇಲೂ ಕೆಲವು ದಿನ ಗಮನವಿರಲಿ. ಗುಲ್ಮದ ಗಾಯ ಕೆಲವೊಮ್ಮೆ ದಿನಗಳ ನಂತರ ರಕ್ತ ಸೋರೋದುಂಟು. ನೋವು ಹೆಚ್ಚಾದರೆ, ತಲೆ ಸುತ್ತಿದರೆ ವಾಪಸ್ ಹೋಗಿ.

• 108ಕ್ಕೆ ಕರೆ ಮಾಡಿ. ಗಾಯಾಳುವಿಗೆ ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ, ಹೆಸರು-ವಿಳಾಸ ಕೊಡಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಕೇಂದ್ರದ 2025ರ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ ಇದೆ. ದುಡ್ಡು ಹೊಂದಿಸೋಕೆ ಅಂತ ಹೊರಡೋದು ತಡ ಮಾಡಬೇಡಿ.

ಊರಿಂದ ಫೋನ್ ಬಂದು, "ಬಿದ್ದಾರ, ಆದ್ರ ಏನೂ ಆಗಿಲ್ಲ, ಸ್ಕ್ಯಾನ್‌ನ್ಯಾಗೂ ಏನಿಲ್ಲಂತ" ಅಂದರೆ ಸಮಾಧಾನ ಪಡಿ, ಆದರೆ ಫೋನ್ ಇಡಬೇಡಿ. ಸ್ಕ್ಯಾನ್ ಆಗಿದ್ದು ಎಷ್ಟು ಗಂಟೆಗೆ ಅಂತ ಕೇಳಿ. ಒಂದೆರಡು ತಾಸು ಆಸ್ಪತ್ರೆಯಲ್ಲೇ ಕೂರಿಸಿ ಅಂತ ಹೇಳಿ. ದನಕ್ಕೆ ಮೇವು ಪಕ್ಕದ ಮನೆಯವರೂ ಹಾಕ್ತಾರೆ.